ನಾಲ್ಕನೇ ದನಿ

ಗೇಟಿನ ಕಾವಲುಗಾರ ತನ್ನ ಫೋನಿನಲ್ಲಿ ಪೊರಕೆಯ ಚಿತ್ರ ಒತ್ತಿದ್ದನ್ನು ನಲಿನಿ ನೋಡಿಬಿಟ್ಟಳು. ಒಳಗೆ ಬಿಡುವವರನ್ನು ಅವನು ಅದರಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು: ಅತಿಥಿಗಳಿಗೆ ಒಂದು ಚಿತ್ರ, ಪಾರ್ಸೆಲ್ಲಿನವರಿಗೆ ಒಂದು, ಟ್ಯಾಕ್ಸಿಗೆ ಒಂದು, ಮನೆಗೆಲಸದವರಿಗೆ ಪೊರಕೆ. ರಿಕಾರ್ಡಿಂಗಿಗೆ ಬಂದಿದ್ದೇನೆ ಎಂದು ಅವಳು ತೆಲುಗಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಳು. ಆ ಮಾತಿಗೆ ಹೊಂದುವ ಚಿತ್ರ ಅವನ ಫೋನಿನಲ್ಲಿ ಇರಲಿಲ್ಲವೋ, ಅಥವಾ ಐವತ್ತು ದಾಟಿದ, ಬಟ್ಟೆಯ ಚೀಲ ಹಿಡಿದ, ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಹೆಂಗಸಿಗೆ ಗಚ್ಚಿಬೌಲಿಯ ಈ ಗಗನ ಮುಟ್ಟುವ ಕಟ್ಟಡಗಳಲ್ಲಿ ಬೇರೆ ಯಾವ ಕೆಲಸ ಇರಬಹುದೆಂದು ಅವನಿಗೆ ಹೊಳೆಯಲಿಲ್ಲವೋ. ತಿದ್ದು ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ತಿದ್ದುತ್ತಿದ್ದ, ಸಾರಿ ಅಮ್ಮಾ ಎಂದೂ ಅನ್ನುತ್ತಿದ್ದ. ಆದರೆ ಅಷ್ಟರಲ್ಲಿ ಅವಳು ಒಳಗೆ ಹೆಜ್ಜೆ ಇಟ್ಟಾಗಿತ್ತು, ಹಿಂದೆ ಒಂದು ಕಾರು ಹಾರ್ನ್ ಹೊಡೆಯುತ್ತಿತ್ತು, ಮೇಲಾಗಿ ಬೆಳಿಗ್ಗೆ ಮಲ್ಕಾಜ್‌ಗಿರಿಯಲ್ಲಿ ತನ್ನ ಮನೆಯನ್ನು ತಾನೇ ಗುಡಿಸಿ ಬಂದವಳಿಗೆ ಪೊರಕೆಯ ಮೇಲೇಕೆ ಇಷ್ಟು ಸಿಟ್ಟು ಎಂಬ ಇನ್ನೊಂದು ಯೋಚನೆ ಮೊದಲಿನ ಸಿಟ್ಟಿನ ಹೆಗಲೇರಿ ಕುಳಿತು ಅದನ್ನು ನಾಚಿಸಿತು. ಲಿಫ್ಟು ಮೇಲೇರುವಾಗ ಕಿವಿ ಗುಂಯ್ ಎಂದಿತು. ಹಾಡುವ ಮುಂಚೆ ಸಿಟ್ಟಿಗೇಳಬಾರದು, ಗಂಟಲು ಬಿಗಿಯುತ್ತದೆ ಎಂದು ಸಾವಿತ್ರಕ್ಕ ಹೇಳುತ್ತಿದ್ದಳು. ಯಾವಾಗಲೂ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು, ಸಿನಿಮಾ ಹಾಡುಗಳಿಗೆ ಕೋರಸ್ ಹಾಡುವ ತಮ್ಮ ಎಂಟು ಹೆಂಗಸರ ಗುಂಪಿನಲ್ಲಿ ಉಳಿದೆಲ್ಲರಿಗೂ ಬುದ್ಧಿ ಹೇಳುತ್ತಿದ್ದ ಸಾವಿತ್ರಕ್ಕ ಕೊರೊನಾದಲ್ಲಿ ಹೋದಳು.

ಬಾಗಿಲ ಮುಂದೆ ಅವಳ ಕಣ್ಣು ತಾನಾಗಿಯೇ ಚಪ್ಪಲಿಗಳನ್ನು ಹುಡುಕಿತು. ದೊಡ್ಡ ಸ್ಟುಡಿಯೋದ ಹಾಲಿನ ಹೊರಗೆ ಬಿಟ್ಟ ಚಪ್ಪಲಿ ನೋಡಿದರೆ ಇಂದು ಯಾರು ಬಂದಿದ್ದಾರೆ ಎಂದು ಗೊತ್ತಾಗುತ್ತಿತ್ತು. ಶೋಭಾಳ ಹೆಬ್ಬೆರಳು ಸವೆಸಿದ ಕಂದು ಚಪ್ಪಲಿ ಕಂಡರೆ ಒಂದು ನೆಮ್ಮದಿ. ಎಂಟರಲ್ಲಿ ಅವರಿಬ್ಬರೇ ಕನ್ನಡದವರು, ತೆಲುಗಿನ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಒಂದೇ ಹಾಳೆಯನ್ನು ಇಬ್ಬರೂ ಹಿಡಿದು ನಿಲ್ಲುತ್ತಿದ್ದರು, ಟೇಕಿಗೂ ಟೇಕಿಗೂ ನಡುವೆ ಸಂಗೀತ ನಿರ್ದೇಶಕನ ಹೊಟ್ಟೆಯ ಬಗ್ಗೆ ಅವನೆದುರೇ ಕನ್ನಡದಲ್ಲಿ ಮಾತಾಡಿಕೊಂಡು ತುಟಿ ಕಚ್ಚಿಕೊಳ್ಳುತ್ತಿದ್ದರು. ಈ ಬಾಗಿಲ ಮುಂದೆ ಒಂದು ಜೊತೆ ಓಟದ ಬೂಟು ಮಾತ್ರ ಇತ್ತು. ಬೇಗ ಬಂದೆನೇನೋ ಅಂದುಕೊಂಡಳು.

"ಬರ್ರಿ ಆಂಟಿ, ಬರ್ರಿ. ಟ್ರಾಫಿಕ್ ಭಾಳ ಇತ್ತೇನ್ರಿ?" ಬಾಗಿಲು ತೆರೆದ ಋಷಭ್‌ಗೆ ಮೂವತ್ತು ಇರಲಿಕ್ಕಿಲ್ಲ. ಅವನ ಅಜ್ಜ ನಿಜಾಮರ ಕಾಲದಲ್ಲಿ ಕಲಬುರ್ಗಿಯಿಂದ ಕಚೇರಿ ಕೆಲಸಕ್ಕೆ ಬಂದು ಇಲ್ಲೇ ನಿಂತವರಂತೆ. ಮನೆಯಲ್ಲಿ ಉಳಿದಷ್ಟು ಕನ್ನಡವನ್ನು ಅವನು ಹಿಂದಿಯಲ್ಲಿ ಅದ್ದಿ ಮಾತಾಡುತ್ತಿದ್ದ. ಈಗ ಸಿನಿಮಾಗಳಿಗೆ ಸಂಗೀತ ಕೊಡುತ್ತಿದ್ದ, ಎರಡು ಹಾಡು ಎಲ್ಲರ ಫೋನಿನಲ್ಲೂ ಓಡಿದ್ದವು.

"ಉಳಿದವ್ರು ಬಂದಿಲ್ಲೇನು?"

"ಉಳಿದವ್ರು ಯಾರೂ ಇಲ್ರಿ. ನೀವೊಬ್ಬರ." ಅವನು ಅದನ್ನು ಒಂದು ಗೌರವವೆಂಬಂತೆ ಹೇಳಿದ. "ಎಂಟು ಸಲ ಹಾಡ್ರಿ, ನಾ ಒಂದರ ಮ್ಯಾಲ ಒಂದು ಇಡ್ತೀನಿ. ಆದ್ರ ಎಂಟೂ ಒಂದ ನಮೂನಿ ಇದ್ರ ಕಂಪ್ಯೂಟರ್ ಹಾಡಿದಂಗ ಆಗ್ತದ. ಒಂದೊಂದು ಸಲ ಒಬ್ಬೊಬ್ಬರ ಗತೆ ಹಾಡ್ರಿ. ಇಷ್ಟು ವರ್ಷ ಅವರ ಬಾಜೂಕ ನಿಂತೀರಿ, ಎಲ್ಲಾರ ದನಿ ನಿಮಗ ಗೊತ್ತಲ್ಲ."

ಅವಳು ಆಗಲೇ ತಿರುಗಿ ಹೋಗಬಹುದಿತ್ತು. ಆಮೇಲೆ, ಸಂಜೆಯವರೆಗೂ, ಆ ಕ್ಷಣವನ್ನು ಅವಳು ಮತ್ತೆ ಮತ್ತೆ ಹಿಂದಕ್ಕೆಳೆದು ನೋಡಿದಳು. ಬಾಗಿಲು ಇನ್ನೂ ತೆರೆದೇ ಇತ್ತು, ಚಪ್ಪಲಿ ಅಲ್ಲೇ ಇತ್ತು. ಮಾಡಿದ್ದೇನೆಂದರೆ ಕುಡಿಯಲು ನೀರು ಕೇಳಿದ್ದು. ಎಷ್ಟೋ ತಿಂಗಳಿಂದ ಯಾರೂ ಕರೆದಿರಲಿಲ್ಲ, ಮೊನ್ನೆ ಫೋನು ಬಂದಾಗ ಗಂಡ ಪ್ರಾಣೇಶನ ಮುಂದೆ ಬೇಕೆಂದೇ ಬೇಸರದ ದನಿಯಲ್ಲಿ, ಮತ್ತ ರಿಕಾರ್ಡಿಂಗ್ ಅಂತ ನೋಡ್ರಿ, ಎಂದು ಹೇಳಿದ್ದಳು. ರೈಲ್ವೆಯಿಂದ ನಿವೃತ್ತನಾದ ಅವನು ಪೇಪರಿನಿಂದ ತಲೆ ಎತ್ತದೆ, ಹೋಗಿ ಬಾ, ಎಂದಿದ್ದ. ಹೋಗಿ ಬಂದವಳು ಹಾಡದೆ ಬಂದೆ ಎಂದು ಹೇಗೆ ಹೇಳುವುದು?

ನೀರಿನ ಜೊತೆಗೆ ಋಷಭ್ ಒಂದು ಟ್ಯಾಬ್ ತಂದು ಮುಂದೆ ಹಿಡಿದ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳು. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಇಲ್ಲಿ ದಾಖಲಾದ ಎಲ್ಲ ಧ್ವನಿಯೂ ಈಗ ಇರುವ ಮತ್ತು ಇನ್ನು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಎಂದೆಂದಿಗೂ ಕಂಪನಿಗೆ ಸೇರಿದ್ದು.

"ವಿಶ್ವ ಅಂದ್ರ? ಚಂದ್ರನ ಮ್ಯಾಲ ಯಾರು ಕೇಳಾವ್ರಪಾ ಕೋರಸ್?"

ಅವನು ಮನಸಾರೆ ನಕ್ಕ. "ನನ್ನ ಅಗ್ರಿಮೆಂಟಿನಾಗೂ ಹಿಂಗ ಐತ್ರಿ. ನಂದೂ ಚಂದ್ರನ ತನಕಾ ಹೋಗೇತಿ. ಲೇಬಲ್‌ನವರು, ಈ ಹಾಡಿನ ಕಂಪನಿಯವರು, ಈಗ ಒಂದು ಪ್ಯಾಕೇಜ್ ಅಂತ ರೊಕ್ಕ ಕೊಡ್ತಾರ ಆಂಟಿ. ಹಾಡೋರು, ಬಾರಿಸೋರು, ಮಿಕ್ಸಿಂಗು ಎಲ್ಲಾ ಅದರಾಗ. ಎಂಟು ಮಂದೀನ ಕರೆಸಿ ಹಾಲ್ ತಗೊಂಡ್ರ ನಾ ನನ್ನ ಕೀಬೋರ್ಡ್ ಮಾರಬೇಕು. ಹಾಡು ಓಡಿದ್ರ ಲೇಬಲ್‌ಗೆ ಬರ್ತದ, ಮುಂದ ನಿಂತು ಹಾಡಿದವ್ರಿಗೆ ಚೂರು ಬರ್ತದ. ನನಗಿಲ್ಲ, ನಿಮಗಿಲ್ಲ." ಹೀಗೆ ಅವನು ತನ್ನನ್ನೂ ಅವಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಅವಳ ಮೈಯೆಲ್ಲ ಉರಿಸಿತು. ಚಾಪೆ ಅವನ ಮನೆಯದು. ಬೆರಳಿನಿಂದ ಗಾಜಿನ ಮೇಲೆ ಸಹಿ ಮಾಡಿದಳು. ಅದು ಒಂದನೇ ಇಯತ್ತೆಯ ಮಗುವಿನ ಅಕ್ಷರದಂತೆ ಸೊಟ್ಟಗೆ ಬಂತು. ಇನ್ನೊಮ್ಮೆ ಮಾಡಲೇ ಎಂದು ಕೇಳಿದಳು. ಬೇಡ, ಏನಿದ್ದರೂ ನಡೀತದ ಎಂದ.

ಹಾಡುವ ಜಾಗ ಅಂದರೆ ಗೋಡೆಯೊಳಗಿನ ಒಂದು ಬಟ್ಟೆಯ ಕಪಾಟು. ಬಾಗಿಲು ಕಿತ್ತು, ಒಳಗೆಲ್ಲ ರಜಾಯಿ ಹೊದಿಸಿ, ಒಂದು ಮೈಕ್ ನೇತುಹಾಕಿದ್ದರು. ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮೊದಲನೆಯ ಸಲ ಅವಳು ಅವಳಾಗಿಯೇ ಹಾಡಿದಳು. ಎರಡು ಸಾಲು, ಅಷ್ಟೇ. ಪಲ್ಲವಿಗೂ ಮುಂಚೆ, ಹಾಡು ಶುರುವಾಗುತ್ತಲೇ ಕೋರಸ್ ಬರಬೇಕಂತೆ, ಇಲ್ಲದಿದ್ದರೆ ಕೇಳುವವರು ಬೆರಳಿನಿಂದ ಮುಂದಕ್ಕೆ ತಳ್ಳಿಬಿಡುತ್ತಾರಂತೆ, ಹಾಗೆ ತಳ್ಳಿದರೆ ಲೇಬಲ್‌ಗೆ ಏನೂ ಹುಟ್ಟುವುದಿಲ್ಲವಂತೆ. ಎರಡನೆಯ ಸಲಕ್ಕೆ ಸಾವಿತ್ರಕ್ಕನಾದಳು. ಗಂಟಲನ್ನು ಸ್ವಲ್ಪ ಕೆಳಗಿಳಿಸಿ, ನಾಲಿಗೆಯ ಬದಿಗೆ ಏಲಕ್ಕಿ ಒತ್ತಿಕೊಂಡಂತೆ ದವಡೆ ಅಗಲಿಸಿದಾಗ, ಆ ಕಪಾಟಿನ ಕತ್ತಲೆಯಲ್ಲಿ ತನ್ನ ಬಾಯಿಂದ ಸಾವಿತ್ರಕ್ಕನ ದನಿ ಎದ್ದು ಬಂದದ್ದಕ್ಕೆ ಅವಳ ತೋಳಿನ ರೋಮ ನಿಮಿರಿದವು. ಅದು ಪಾಪವೆನ್ನಿಸಲಿಲ್ಲ. ಸತ್ತವಳು ಇನ್ನೊಂದು ಸಲ ಕೆಲಸಕ್ಕೆ ಬಂದಿದ್ದಾಳೆ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾಳೆ ಎನ್ನಿಸಿತು. ಮೂರನೆಯದು ಮದುವೆಯಾಗಿ ವಿಜಯವಾಡಕ್ಕೆ ಹೋದ ಮಾನಸಾ, ಎಳೆಯ ಗಾಜಿನಂಥ ದನಿ, ಕಷ್ಟವಾಯಿತು.

ನಾಲ್ಕನೆಯದು ಶೋಭಾ. ಶೋಭಾಳ ದನಿ ಸಾಲಿನ ಕೊನೆಗೆ ಸ್ವಲ್ಪವೇ ಸ್ವಲ್ಪ ಮೂಗಿಗೆ ಹತ್ತುತ್ತದೆ. ನಲಿನಿ ಅದನ್ನು ಹಿಡಿದು ಹಾಡಿದಳು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಋಷಭ್ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. "ಮಸ್ತ್ ಐತಿ ಆಂಟಿ, ಯಾರಿವ್ರು? ಇನ್ನೊಮ್ಮೆ ಹಾಡ್ರಿ, ಆ ಮೂಗಿನ ಆಂಟಿ." ಆ ನಗು ಬೆಚ್ಚಗೆ ಕಿವಿಯೊಳಗೆ ಇಳಿಯಿತು. ಇಪ್ಪತ್ತೈದು ವರ್ಷದಲ್ಲಿ ಸ್ಟುಡಿಯೋದ ಗಾಜಿನ ಆಚೆ ಕೂತ ಯಾರೂ ಅವಳೊಬ್ಬಳಿಗಾಗಿ ನಕ್ಕಿರಲಿಲ್ಲ, ಅವಳೊಬ್ಬಳಿಗಾಗಿ ಮಸ್ತ್ ಎಂದಿರಲಿಲ್ಲ. ಎಂಟರಲ್ಲಿ ಒಬ್ಬಳು ಒಳ್ಳೆಯದಾಗಿ ಹಾಡಿದಳೆಂದು ಯಾರೂ ಹೇಳುವುದಿಲ್ಲ; ಕೆಟ್ಟದಾಗಿ ಹಾಡಿದರೆ ಮಾತ್ರ ಯಾರದು ಎಂದು ಕೇಳುತ್ತಾರೆ. ಎರಡನೇ ಸಲ ಅವಳು ಮೂಗನ್ನು ಇನ್ನಷ್ಟು ಹಚ್ಚಿದಳು. ಮೂರನೇ ಸಲ ಸಾಲಿನ ಕೊನೆಯನ್ನು ಎಳೆದು, ಮೇಕೆಯ ಹಾಗೆ ತುಸು ನಡುಗಿಸಿದಳು. ಋಷಭ್ ಮೇಜು ಬಡಿದ ಸದ್ದು ಕೇಳಿಸಿತು. ಅವಳೂ ನಕ್ಕಳು, ರಜಾಯಿಗಳ ನಡುವೆ, ಒಬ್ಬಳೇ. ನಕ್ಕದ್ದು ನಿಂತ ಮೇಲೆ ಕಪಾಟಿನೊಳಗೆ ತುಂಬ ಸೆಖೆ ಎನ್ನಿಸಿತು.

ಉಳಿದ ನಾಲ್ವರದೂ ಮುಗಿದು, ಎಂಟನ್ನೂ ಕೂಡಿಸಿ ಕೇಳಿಸಿದಾಗ ಅವಳ ಎದೆ ತುಂಬಿ ಬಂದದ್ದು ಸುಳ್ಳಲ್ಲ. ಅದು ದೊಡ್ಡ ಸ್ಟುಡಿಯೋದ ಹಾಲಿನಲ್ಲಿ ಹಾಡಿದಂತೆಯೇ ಕೇಳುತ್ತಿತ್ತು. ಎಂಟು ಹೆಂಗಸರು ಅರ್ಧಚಂದ್ರಾಕಾರದಲ್ಲಿ ನಿಂತು, ಕಾಲಿನ ಕೆಳಗೆ ತಣ್ಣಗಿನ ಜಮಖಾನೆ. ಅವನು ಕುರ್ಚಿ ತಿರುಗಿಸಿ ಅವಳ ಕಡೆ ನೋಡಿದ. "ಇನ್ನೊಂದ ಕೆಲಸ ಆಂಟಿ, ಐದು ಮಿನಿಟ್. ಆ, ಈ, ಊ, ಏ, ಓ. ಬರೇ ಸ್ವರ. ಕೆಳಗಿಂದ ಮ್ಯಾಲಿನ ತನಕ ಒಂದೊಂದ ಮೆಟ್ಟಲಾ ಹಾಡಿಕೊಡ್ರಿ. ಎಂಟೂ ದನಿಯಾಗ. ಮುಂದ ಯಾವ ಹಾಡಿಗೆ ಬೇಕಾದ್ರೂ ನಾ ಅದರಾಗಿಂದ ಜೋಡಿಸ್ಕೋತೀನಿ. ನಿಮಗ ಪದೇ ಪದೇ ಇಷ್ಟು ದೂರ ಬರೋ ತ್ರಾಸ ತಪ್ಪತೈತಿ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಅವಳ ತ್ರಾಸ ತಪ್ಪಿಸುವುದೇ ಅವನ ಉದ್ದೇಶವಾಗಿತ್ತೇನೋ. ಇಲ್ಲವೆಂದು ಹೇಳಬೇಕೆಂದು ಅವಳು ಬಾಯಿ ತೆರೆದಳು, ತೆರೆದ ಬಾಯಿಂದ 'ಆ' ಎಂದು ಬಂತು. ಮತ್ತೆ ಕಪಾಟಿಗೆ ಹೋಗಿ ನಿಂತು ಅವಳು ತನ್ನ ದನಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತು ಅವನ ಕೈಗೆ ಕೊಟ್ಟಳು, ಆಮೇಲೆ ಸಾವಿತ್ರಕ್ಕನ ಮೆಟ್ಟಿಲುಗಳನ್ನು. ಈಗ ಸಾವಿತ್ರಕ್ಕ ಎದ್ದು ಬರಲಿಲ್ಲ. ಹೆಣದ ಮೈಮೇಲಿನ ಒಡವೆ ಬಿಚ್ಚುತ್ತಿರುವಂತಾಯಿತು. ಶೋಭಾಳ ಸರದಿ ಬಂದಾಗ 'ಆ' ಹಾಡಿದಳು, 'ಈ' ಹಾಡಿದಳು, 'ಊ' ಎನ್ನುವಾಗ ಮೈಕಿನ ಮುಂದೆ ಸುಳ್ಳುಸುಳ್ಳೇ ಕೆಮ್ಮಿದಳು. ಗಂಟಲು ಹಿಡಿಯಿತು, ಇನ್ನೊಂದು ದಿನ ನೋಡೋಣ ಎಂದಳು. ಅವನು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ, ಜೇನುತುಪ್ಪ ಹಾಕಿ ಕೊಟ್ಟ. ಲೋಟ ಹಿಡಿದು ಕೂತಾಗ ಅವಳಿಗೆ ಅದನ್ನು ಅವನ ಮುಖಕ್ಕೆ ಎರಚಬೇಕೆನ್ನಿಸಿತು. ಕುಡಿದಳು. ಚೆನ್ನಾಗಿತ್ತು. ಅದೂ ಸಿಟ್ಟು ತರಿಸಿತು.

ಲಿಂಗಂಪಲ್ಲಿ ಸ್ಟೇಷನ್ನಿಗೆ ಹಂಚಿಕೆಯ ಆಟೋದಲ್ಲಿ ಬಂದಳು. ಇಬ್ಬರು ಹುಡುಗಿಯರ ನಡುವೆ ಒತ್ತಿಕೊಂಡು ಕೂತಿದ್ದಾಗ ಅವರ ಕಿವಿಯಲ್ಲಿ ಸಿಕ್ಕಿಸಿದ್ದ ಬಿಳಿಯ ಗುಂಡಿಗಳಿಂದ ಸಣ್ಣಗೆ ಯಾವುದೋ ಹಾಡು ಸೋರುತ್ತಿತ್ತು. ಅದರೊಳಗೆ ಎಲ್ಲೋ ಕೋರಸ್ ಇತ್ತು. ಯಾರದು, ಎಷ್ಟು ಮಂದಿಯದು ಎಂದು ಅವಳು ಕಿವಿಗೊಟ್ಟಳು, ಒಬ್ಬ ಹುಡುಗಿ ವಿಚಿತ್ರವಾಗಿ ನೋಡಿ ಅತ್ತ ಸರಿದಳು. ಗಚ್ಚಿಬೌಲಿಯ ಸೇತುವೆಯ ಮೇಲೆ ಕಾರುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಮೂಗು ಎಂಬ ಪದ ಮನಸ್ಸಿಗೆ ಬಂದದ್ದೇ ಅವಳು ಮುಖ ಒರೆಸಿಕೊಂಡಳು. ಮೂಗಿನ ಆಂಟಿ. ಆ ಮೂಗಿನವಳು ನಲಿನಿಯ ಹೆರಿಗೆಯಲ್ಲಿ ಆಸ್ಪತ್ರೆಯ ನೆಲದ ಮೇಲೆ ಮಲಗಿದವಳು. ನಲಿನಿಯ ಅಣ್ಣ ತೀರಿಕೊಂಡ ದಿನ ರಿಕಾರ್ಡಿಂಗ್ ಬಿಟ್ಟು ಅವಳ ಜೊತೆ ರಾಯಚೂರಿನ ರೈಲು ಹತ್ತಿದವಳು. ಇದೆಲ್ಲ ಈಗ ನೆನಪಾದರೆ ಏನು ಬಂತು? ನೆನಪು ಆ ಕಪಾಟಿನೊಳಗೆ ಆಗಬೇಕಿತ್ತು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಫೋನು ಬಂತು. ಶೋಭಾಳದೇ. ಎತ್ತಬಾರದೆಂದುಕೊಂಡು ಎತ್ತಿದಳು.

"ಏನ್ ಮಾಡಾಕತ್ತಿ?"

"ಏನಿಲ್ಲ. ಮನ್ಯಾಗ ಅದೀನಿ."

"ಏನರ ಕೆಲಸ ಬಂತೇನು? ಆ ಋಷಭ್ ಅನ್ನಾವಂದು ಹೊಸಾ ಪಿಕ್ಚರ್ ಐತಂತ. ನಾ ಫೋನ್ ಮಾಡಿದ್ರ ಈ ಸಲ ಕೋರಸ್ ಇಲ್ಲ ಆಂಟಿ ಅಂದ."

"ನನಗೂ ಯಾರೂ ಫೋನ್ ಮಾಡಿಲ್ಲ," ಎಂದಳು ನಲಿನಿ, ಮತ್ತು ಅದೇ ಉಸಿರಿನಲ್ಲಿ ತಲೆಯ ಮೇಲಿನ ಧ್ವನಿವರ್ಧಕ ಗರಗರ ಎಂದು, ಲಿಂಗಂಪಲ್ಲಿಯಿಂದ ಸಿಕಂದರಾಬಾದಿಗೆ ಹೋಗುವ ಗಾಡಿ ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ ಎಂದು ತೆಲುಗಿನಲ್ಲಿ ಹೇಳಿತು, ಹಿಂದಿಯಲ್ಲಿ ಹೇಳಿತು, ಇಂಗ್ಲಿಷಿನಲ್ಲಿ ಹೇಳಿತು. ಫೋನನ್ನು ಸೆರಗಿನಲ್ಲಿ ಮುಚ್ಚಬೇಕೆಂದು ಹೊಳೆಯುವಷ್ಟರಲ್ಲಿ ಮೂರೂ ಭಾಷೆ ಮುಗಿದಿದ್ದವು.

"ನಿಮ್ಮ ಮನೀಗೆ ಲಿಂಗಂಪಲ್ಲಿ ಸ್ಟೇಷನ್ ಬಂದೈತೇನು," ಎಂದು ಶೋಭಾ ಮೆಲ್ಲಗೆ ಅಂದು ಫೋನು ಇಟ್ಟುಬಿಟ್ಟಳು.

ಗಾಡಿ ಬಂತು, ನಿಂತಿತು, ಹೋಯಿತು. ನಲಿನಿ ಹತ್ತಲಿಲ್ಲ. ಶೋಭಾಳ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ಇತ್ತು. ಹೋಗಿ ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಲೇಬಲ್‌ನವರು ಹೀಗೆ ಮಾಡುತ್ತಾರೆ, ಪ್ಯಾಕೇಜ್ ಅಂತೆ, ಆ ಹುಡುಗನಿಗೂ ಏನಿಲ್ಲವಂತೆ. ಎಲ್ಲವೂ ಋಷಭ್‌ನ ಮಾತುಗಳೇ ಆಗಿದ್ದವು. ತನ್ನದೇ ಎನ್ನುವ ಒಂದು ವಾಕ್ಯಕ್ಕಾಗಿ ಹುಡುಕಿದಳು. ಅಂಥದ್ದೇನೂ ಸಿಕ್ಕದೆ ಶೋಭಾಳ ಮನೆಯ ಮೆಟ್ಟಿಲು ಮುಗಿದವು.

ಶೋಭಾ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಅವಳ ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದ. ನಲಿನಿ ಎದುರಿಗೆ ಕುಳಿತು ಒಂದು ಕಟ್ಟು ಸೊಪ್ಪು ತನ್ನ ಕಡೆಗೆ ಎಳೆದುಕೊಂಡಳು. ಶೋಭಾ ಅದನ್ನು ವಾಪಸು ಎಳೆದುಕೊಂಡಳು.

"ಹೇಳು."

ನಲಿನಿ ಹೇಳಿದಳು. ಕಪಾಟು, ಎಂಟು ಸಲ, ಒಬ್ಬೊಬ್ಬರ ಹಾಗೆ. ಸಹಿ ಮಾಡಿದ್ದನ್ನೂ ಸ್ವರಗಳನ್ನೂ ಹೇಳಿದಳು. ನಕ್ಕದ್ದನ್ನು ಹೇಳಲಿಲ್ಲ. ಶೋಭಾಳ ಕೈ ನಿಲ್ಲಲಿಲ್ಲ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ.

"ನಾನೂ ಇದ್ದೆನೇನು ಅದರಾಗ?"

"ಇದ್ದಿ. ನಾಲ್ಕನೇದು."

"ಹೆಂಗ ಹಾಡಿದಿ? ಹಾಡು, ಕೇಳ್ತೀನಿ."

"ಬ್ಯಾಡ ಶೋಭಾ."

"ಅವನ ಮುಂದ ಹಾಡಿದಿ. ನನ್ನ ಮುಂದ ಏನಾತು?"

ನೆಟ್ಟಗೆ ಹಾಡಬೇಕು, ಶೋಭಾ ಹೇಗೆ ಹಾಡುತ್ತಾಳೋ ಹಾಗೆ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲದಂತೆ ಎಂದು ನಲಿನಿ ನಿರ್ಧರಿಸಿ ಬಾಯಿ ತೆರೆದಳು. ಬಂದದ್ದು ಮೂರನೇ ಸಲದ್ದು. ಆ ನಗುವಿನ ಶಾಖದಲ್ಲಿ ಅದು ಅಚ್ಚು ಬಿದ್ದು ಗಟ್ಟಿಯಾಗಿಬಿಟ್ಟಿತ್ತು. ಬೇರೆ ಶೋಭಾ ಅವಳ ಗಂಟಲಿನಲ್ಲಿ ಉಳಿದಿರಲಿಲ್ಲ. ಮೂಗು, ಎಳೆತ, ಕೊನೆಯ ಆ ನಡುಕ. ಎರಡು ಸಾಲೂ ಮುಗಿಯುವವರೆಗೆ ಶೋಭಾ ಅವಳ ಮುಖವನ್ನೇ ನೋಡಿದಳು.

"ನಕ್ಕನೇನು ಅವ?"

ನಲಿನಿ ಸೊಪ್ಪಿನ ಕಡೆ ನೋಡಿದಳು. "ನಕ್ಕ."

"ನೀ?"

"ನಾನೂ."

ಶೋಭಾ ಎದ್ದು ಸೀರೆಯ ಮೇಲಿನ ಎಲೆಗಳನ್ನು ಕೊಡವಿದಳು. ನಲಿನಿಯ ಚೀಲದಿಂದ ಅವಳ ಫೋನು ತೆಗೆದು, "ಅವಗ ಹಚ್ಚಿಕೊಡು," ಎಂದು ಮುಂದೆ ಹಿಡಿದಳು. ನಲಿನಿ ಹಚ್ಚಿಕೊಟ್ಟಳು. ಸ್ಪೀಕರಿನಲ್ಲಿ ಋಷಭ್, ಗಂಟಲು ಹೇಗಿದೆ ಆಂಟಿ ಎಂದು ವಿಚಾರಿಸಿದ.

"ಆಂಟಿ ಅಲ್ಲಪಾ, ನಾಲ್ಕನೇ ಟ್ರ್ಯಾಕ್ ಮಾತಾಡಾಕತ್ತೀನಿ."

"ಓ, ಶೋಭಾ ಆಂಟಿ. ನಮಸ್ಕಾರ್ರಿ."

"ಕೋರಸ್ ಇಲ್ಲ ಅಂದಿದ್ದಿ. ನಾ ಅದೀನಿ ಅಂತಲ್ಲ. ನನ್ನ ತೆಗಿ ಅದರಾಗಿಂದ."

"ಆಂಟಿ, ತಪ್ಪ ತಿಳೀಬ್ಯಾಡ್ರಿ. ಹಾಡಿದವ್ರು ನಲಿನಿ ಆಂಟಿ, ಸಹಿ ಅವರದು. ದನಿ ನಿಮ್ಮಂಗ ಐತಿ ಅಂದ್ರ ಅದು ನಿಮ್ಮದು ಆಗೂದಿಲ್ಲಲ್ರಿ. ಆದ್ರೂ ನಿಮಗ ಬ್ಯಾಸರಾಗಿದ್ರ ತೆಗೀತೀನಿ. ತಡೀರಿ... ನೋಡ್ರಿ, ತೆಗದೆ. ಕೇಳ್ರಿ." ಫೋನಿನಿಂದ ಆ ಎರಡು ಸಾಲು ಬಂದವು. "ಫರಕ್ ಏನೂ ಗೊತ್ತಾಗೂದಿಲ್ಲ ನೋಡ್ರಿ." ಅವನು ಸಮಾಧಾನ ಹೇಳುವ ದನಿಯಲ್ಲೇ ಹೇಳಿದ. ನಲಿನಿಗೆ ಫರಕು ಗೊತ್ತಾಯಿತು. ನಡುವೆ ಒಂದು ಹಲ್ಲು ಬಿದ್ದಂತಿತ್ತು. ಶೋಭಾ ಕಣ್ಣು ಮುಚ್ಚಿ, ಇನ್ನೊಮ್ಮೆ ಹಚ್ಚು ಎಂದಳು. ಅವನು ಹಚ್ಚಿದ.

"ಎಲ್ಲಾರೂ ಒಂದ ಕಡೆ ಉಸುರು ತಗೋತಾರಲ್ಲೋ," ಎಂದಳು ಶೋಭಾ. "ಎರಡನೇ ಸಾಲಿನ್ಯಾಗ, ನಡುವ. ಅಷ್ಟೂ ಮಂದಿ ಕೂಡೇ ಉಸುರು ತಗೊಂಡ್ರ ಹಾಡು ಅಲ್ಲೇ ತೂತು ಬೀಳ್ತೈತಿ. ನಾವು ಒಬ್ಬಾಕಿ ಬಿಟ್ಟಾಗ ಇನ್ನೊಬ್ಬಾಕಿ ಹಿಡೀತಿದ್ದಿವಿ. ಇದು ಕೋರಸ್ ಅಲ್ಲ. ಇದು ಒಬ್ಬಾಕಿ, ಭಾಳ ಕನ್ನಡಿ."

ಅವಳು ಅದನ್ನು ಅವನ ಮುಖಕ್ಕೆ ಹೊಡೆಯಲೆಂದೇ ಹೇಳಿದ್ದಳು. ಆ ಕಡೆ ಅವನು ಇನ್ನೊಮ್ಮೆ ಹಾಕಿ ಕೇಳಿದ. "ಅರೆ, ಖರೇ ಐತಿ. ಎಕ್ದಮ್ ಬರೋಬ್ಬರಿ ಹೇಳಿದ್ರಿ ಆಂಟಿ. ಮುಂಜಾನಿಂದ ಏನೋ ತಪ್ಪೈತಿ ಅನಸಾಕತ್ತಿತ್ತು, ತಿಳೀತಿರಲಿಲ್ಲ. ಥ್ಯಾಂಕ್ಯೂರಿ." ಅವನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ನಲಿನಿ ಆಂಟಿ ಅದಾರೇನ್ರಿ ಅಲ್ಲೆ? ಆಂಟಿ, ನಾಳೆ ಒಂದ ಸಲ ಬರ್ರಿ. ಬ್ಯಾರೆ ಬ್ಯಾರೆ ಕಡೆ ಉಸುರು ತಗೊಂಡು ಹಾಡಿಬಿಡ್ರಿ, ಆ ಸ್ವರಾನೂ ಮುಗಿಸಿಬಿಡೋಣು."

ಶೋಭಾ ಹೊಡೆದ ಕಲ್ಲನ್ನು ಅವನು ಹಿಡಿದು, ಒರೆಸಿ, ಜೇಬಿಗೆ ಹಾಕಿಕೊಂಡಿದ್ದ. ಅವಳು ನಲಿನಿಯ ಕಡೆ ನೋಡಿದಳು. ನಲಿನಿಗೆ ಬೆಳಗಿನಿಂದ ಹುಡುಕುತ್ತಿದ್ದ ಸಿಟ್ಟು ಆಗ ಸಿಕ್ಕಿತು. ಅದು ಗಂಟಲನ್ನು ಬಿಗಿಯಲಿಲ್ಲ.

"ಬರಂಗಿಲ್ಲ," ಎಂದಳು.

"ಯಾಕ್ರಿ ಆಂಟಿ?"

"ಕರೆಯೂದಾದ್ರ ಎಲ್ಲಾರ್ನೂ ಕರಿ. ಹಾಲ್ ತಗೋ. ಇಲ್ಲಾಂದ್ರ ನೀನ ಕಪಾಟಿನ್ಯಾಗ ನಿಂತು ಹಾಡ್ಕೋ."

"ಆಂಟಿ, ಬಜೆಟ್ ಇಲ್ಲ ಅಂತ ಹೇಳೀನಲ್ರಿ." ಅವನಿಗೆ ಸಿಟ್ಟು ಬರಲಿಲ್ಲ, ಅದೇ ದೊಡ್ಡ ಅವಮಾನವಾಗಿತ್ತು. "ಇರಲಿ ಬಿಡ್ರಿ. ಉಸುರಿಂದು ನಾ ಕತ್ತರಿಸಿ ಹಿಂದ ಮುಂದ ಮಾಡ್ಕೋತೀನಿ. ಆರಾಮ ಮಾಡ್ರಿ." ಫೋನು ತಣ್ಣಗಾಯಿತು.

ಸ್ಟೇಷನ್ನಿನ ಕಡೆಯಿಂದ ಇನ್ನೊಂದು ಗಾಡಿ ಹೊರಟಿತು. ಶೋಭಾ ಫೋನನ್ನು ನೆಲದ ಮೇಲಿಟ್ಟು, ಮತ್ತೆ ಸೊಪ್ಪಿನ ಮುಂದೆ ಕುಳಿತಳು. ಅವಳು ಈಗ ಒಳ್ಳೆಯ ಮಾತು ಏನಾದರೂ ಹೇಳುತ್ತಾಳೆ ಎಂದು ನಲಿನಿ ಕಾಯುತ್ತಿದ್ದಳು. ತನಗೆ ತಿಳಿಯದಂತೆಯೇ ಕಾಯುತ್ತಿದ್ದಳು. ಹೋಗಲಿ ಬಿಡು ಎಂದೋ, ಸರಿಯಾಗಿ ಹೇಳಿದಿ ಎಂದೋ.

"ನನಗ ಕರೆದಿದ್ರ ನಾನೂ ಹೋಗ್ತಿದ್ದೆ," ಎಂದಳು ಶೋಭಾ. "ಎಂಟೂ ಮಂದಿ ಆಗ್ತಿದ್ದೆ. ನಾಳೆ ಬಾ ಅಂದ್ರ ನಾಳೇನೂ ಹೋಗ್ತಿದ್ದೆ. ನಿನ್ನಂಗ ಬರಂಗಿಲ್ಲ ಅಂತ ಅನ್ನಾಕ ನನ್ನ ಗಂಡಗ ಪೆನ್ಷನ್ ಇಲ್ಲ."

ನಲಿನಿಯ ಮುಖ ಬಿಸಿಯಾಯಿತು. "ಹಂಗಾರ ನನ್ನೂ ಹಾಡ್ತಿದ್ದಿ."

"ಮತ್ತ. ಹಾಡ್ತಿದ್ದೆ."

"ಹೆಂಗ?"

ಶೋಭಾ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿ, ಗದ್ದವನ್ನು ಒಂದಿಷ್ಟು ಮುಂದಕ್ಕೆ ಚಾಚಿ, ಇಲ್ಲದ ಮೈಕಿನ ಕಡೆಗೆ ಒಂದು ಹೆಜ್ಜೆ ಇಟ್ಟವಳ ಹಾಗೆ ಮೈ ಬಾಗಿಸಿ ಅದೇ ಎರಡು ಸಾಲು ಹಾಡಿದಳು. ಮೂಗಿರಲಿಲ್ಲ, ನಡುಕವಿರಲಿಲ್ಲ, ಹಾಸ್ಯವೂ ಇರಲಿಲ್ಲ. ಚೆಂದದ ದನಿ. ಆದರೆ ಪ್ರತಿ ಪದವೂ ತಾಳಕ್ಕಿಂತ ಕೂದಲಷ್ಟು ಮೊದಲು ಬೀಳುತ್ತಿತ್ತು, ಪ್ರತಿ ಸಾಲಿನ ಕೊನೆಯೂ ಉಳಿದವರೆಲ್ಲ ಬಿಟ್ಟ ಮೇಲೆ ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತಿತ್ತು, ಗಾಜಿನ ಆಚೆ ಕೂತವನು ತಲೆ ಎತ್ತಿ ನೋಡಲಿ ಎಂದು. ಅದು ತಾನೇ ಎಂದು ನಲಿನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಕೂಡಲೇ ಎದ್ದು ಹೋಗಬೇಕೆನ್ನಿಸಿತು, ಆ ಬಾಯಿಯನ್ನು ಕೈಯಿಂದ ಮುಚ್ಚಬೇಕೆನ್ನಿಸಿತು.

"ಸಾಕು ಶೋಭಾ."

ಶೋಭಾ ಕೊನೆಯ ಸ್ವರವನ್ನು, ಎಷ್ಟು ಹೆಚ್ಚಿಗೆ ಹಿಡಿಯಬೇಕೋ ಅಷ್ಟು ಹಿಡಿದೇ ಬಿಟ್ಟಳು.

"ನಾ ಹಂಗ ಮುಂದ ಓಡ್ತೀನೇನು?" ನಲಿನಿ ಕೇಳಿದಳು. ಸಿಟ್ಟಿನಿಂದ ಕೇಳಬೇಕೆಂದುಕೊಂಡಿದ್ದಳು, ದನಿ ಸಣ್ಣದಾಗಿ ಬಂತು.

"ಇಪ್ಪತ್ತೈದು ವರ್ಷ ಆತು," ಎಂದಳು ಶೋಭಾ, ಮೆಂತ್ಯದ ಇನ್ನೊಂದು ಕಟ್ಟು ಬಿಚ್ಚುತ್ತ. "ನಿನ್ನ ಬೆನ್ನ ಹಿಂದ ಓಡಿ ಓಡಿ ನನಗ ದಮ್ಮು ಹತ್ತೈತಿ."